ಅವ್ವ ಖಟ್ಟಾ ಅರೆದ ಮುಂಜಾನೆ

ನಿಮಗೆ ಎಂದಾದರೂ ಹೀಗಾಗಿದೆಯೇ? ಅಡುಗೆಮನೆಯಲ್ಲಿ ಯಾವುದೋ ಬಾಟಲಿಯ ಮುಚ್ಚಳ ತೆಗೆಯುತ್ತೀರಿ. ವಾಸನೆ ಬರುತ್ತದೆ. ಒಳ್ಳೆಯ ವಾಸನೆಯೇ. ಆದರೂ ಬಾಯಲ್ಲಿ ನೀರೂರುವುದಿಲ್ಲ, ಮುಚ್ಚಳ ಮತ್ತೆ ಹಾಕಿಬಿಡುತ್ತೀರಿ. ಆಗಿದ್ದರೆ ಓದಿ. ಆಗದಿದ್ದರೂ ಓದಿ, ನಿಮ್ಮ ಪುಣ್ಯ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಕಳೆದ ವಾರ ನನ್ನ ಮಗಳು ಒಂದು ಬಾಟಲಿ ತರಿಸಿದಳು. ಅವಳು ಈಗ ರೊಟ್ಟಿ ಬಿಟ್ಟಿದ್ದಾಳೆ, ಅನ್ನ ಬಿಟ್ಟಿದ್ದಾಳೆ. ಬೀದರದ ಮೈಲೂರಿನ ನಮ್ಮ ಮನೆಯಲ್ಲಿ ಆಡಿನ ಮರಿಯ ಹಾಗೆ ದಿನವಿಡೀ ಸೊಪ್ಪು ಮೇಯುತ್ತಾಳೆ. ಆ ಸೊಪ್ಪಿನ ಮೇಲೆ ಸುರಿಯುವುದಕ್ಕೆ ಡ್ರೆಸ್ಸಿಂಗ್ ಬೇಕಂತೆ. ನಾನು ಮುಚ್ಚಳ ತೆಗೆದು ಮೂಸಿದೆ. ಹುರಿದ ಎಳ್ಳು. ಹುಳಿ. ಒಂಚೂರು ಜೀರಿಗೆ.

“ಏ ಹುಡುಗಿ, ಇದು ಖಟ್ಟಾ ಅಲ್ಲೇನು?” ಅಂದೆ.

“ಮಮ್ಮಿ, ಇದು ಸೆಸಮಿ ಡ್ರೆಸ್ಸಿಂಗ್ ಅದ. ಎಲ್ಲಾದಕ್ಕೂ ನಿಮ್ಮ ಹಳ್ಳಿ ಹೆಸರು ಇಡಬ್ಯಾಡ ನೀ.”

ಅಷ್ಟರಲ್ಲಿ ಒಳಗಿನ ಕೋಣೆಯಿಂದ ನನ್ನ ಅವ್ವ ಕೂಗಿದಳು: “ಯಾರು ಎಳ್ಳು ಹುರದವರು?” ಅವ್ವನಿಗೆ ಈಗ ಕಿವಿ ಮಂದ, ಕಣ್ಣು ಮಂದ. ಮೂಗು ಮಾತ್ರ ಹೊಸದಾಗಿ ಗಂಡನ ಮನೆಗೆ ಬಂದ ಸೊಸೆಯದು. ಯಾರೂ ಹುರಿದಿಲ್ಲ, ಬಾಟಲಿಯಲ್ಲಿ ಬಂದಿದೆ ಅಂತ ಕೂಗಿ ಹೇಳಿದೆ. ಅವಳು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ಅಡುಗೆಯ ಪೋಸ್ಟ್ ಅಲ್ಲ. ಮಾಡುವ ವಿಧಾನ ನಡುವೆ ಬರುತ್ತದೆ, ಬೇಕಾದವರು ಆರಿಸಿಕೊಳ್ಳಿ. ವಿಷಯ ಬೇರೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ತಾನು ಸತ್ತ ಮೇಲೆ ತನ್ನನ್ನು ಮಲಗಿಸಿ ಹೂಳಬೇಕು ಅಂತ ಕೇಳಿಕೊಂಡಿದ್ದಳು. ಆಗುವುದಿಲ್ಲ, ಕೂರಿಸಿಯೇ ಹೂಳುವುದು ಅಂತ ಅಪ್ಪ ಹೇಳಿದ್ದ. ಅಷ್ಟೇ. ಜೀವಮಾನದಲ್ಲಿ ಆ ಮುದುಕಿ ಇನ್ನೇನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಖಟ್ಟಾ ಅಂದರೇನು ಅಂತ ಬೀದರದವರಿಗೆ ಹೇಳುವುದು ಬೇಡ. ದೂರದವರಿಗೆ ಹೇಳುತ್ತೇನೆ. ನಮ್ಮ ಕಡೆಯ ಮುಸ್ಲಿಂ ಮನೆಗಳಲ್ಲಿ ಖಿಚಡಿಯ ಜೊತೆಗೆ ಎಳ್ಳು, ಹುಣಸೆ ಹಾಕಿ ಒಂದು ತೆಳ್ಳನೆಯ ಹುಳಿ ಮಾಡುತ್ತಾರೆ, ಅದು. ನಮ್ಮ ಆಯಿ ಅದನ್ನು ಸ್ವಲ್ಪ ಗಟ್ಟಿ ಮಾಡಿ ಹಸಿ ತರಕಾರಿಯ ಪಚಡಿಯ ಮೇಲೆ ಸುರಿಯುತ್ತಿದ್ದಳು. ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಎಳೆಯ ಮೆಂತ್ಯದ ಸೊಪ್ಪು. ಬಿಸಿ ಜೋಳದ ರೊಟ್ಟಿ ಪಕ್ಕಕ್ಕೆ. ಅವಳು ಅರೆಯುವಾಗ ನಾವು ಮಾತಾಡುವ ಹಾಗಿರಲಿಲ್ಲ. ಎಳ್ಳನ್ನು ಕಾದ ಹಂಚಿನ ಮೇಲೆ ಹಾಕಿ, ಬಣ್ಣ ತಿರುಗುವ ಮೊದಲೇ ಇಳಿಸಬೇಕು. ಚಟಪಟ ಅಂದರೆ ಸಾಕು. ಒಂದು ಹಿಡಿ ಶೇಂಗಾ, ಜೀರಿಗೆ, ಕೆಂಡದಲ್ಲಿ ಸುಟ್ಟ ಹಸಿಮೆಣಸಿನಕಾಯಿ. ಕಲ್ಲಿನ ಮೇಲೆ ನೀರಿಲ್ಲದೆ ಅರೆಯುತ್ತಾ ಹೋಗಬೇಕು, ಎಳ್ಳು ತನ್ನ ಎಣ್ಣೆ ತಾನೇ ಬಿಡುವ ತನಕ. ಆಮೇಲೆ ಹುಣಸೆಯ ನೀರು. ಅದನ್ನು ಸುರಿಯಬಾರದು, ಹನಿ ಹನಿ ಬಿಡಬೇಕು. ಒಬ್ಬರು ಬಿಡಬೇಕು, ಇನ್ನೊಬ್ಬರು ಕೈ ನಿಲ್ಲಿಸದೆ ತಿರುವಬೇಕು. ಮೊದಲ ಹನಿ ಬಿದ್ದಾಗ ಅದು ಸಡಿಲಾಗುವುದಿಲ್ಲ, ಗಟ್ಟಿಯಾಗುತ್ತದೆ. ಗಾರೆಯ ಹಾಗೆ ಬಿಗಿದು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಹೊಸಬರು ಅಲ್ಲೇ ಕೆಡಿಸುವುದು. ಹೆದರಿ ಗಳಗಳ ನೀರು ಸುರಿದುಬಿಡುತ್ತಾರೆ.

“ಅಂಜಬ್ಯಾಡ. ಇನ್ನೊಂದು ಹನಿ,” ಅನ್ನುತ್ತಿದ್ದಳು ಆಯಿ. ಇನ್ನೊಂದು, ಮತ್ತೊಂದು. ಒಮ್ಮೆಲೇ ಅದು ಬಿಳುಪು ತಿರುಗಿ, ಕೆನೆಯ ಹಾಗೆ ಜಾರತೊಡಗುತ್ತಿತ್ತು. ಉಪ್ಪು, ಅಡಿಕೆಯಷ್ಟು ಬೆಲ್ಲ, ಕೊನೆಗೆ ಒಂದು ಚಮಚ ಹಸಿ ಕುಸುಬೆ ಎಣ್ಣೆ. ನಾನು ಈಗ ಮಿಕ್ಸಿಯಲ್ಲಿ ಮಾಡುತ್ತೇನೆ, ಹತ್ತರಲ್ಲಿ ಎಂಟು ಸಲ ಒಡೆಯುತ್ತದೆ. ಒಡೆದಿದ್ದನ್ನು ಸಾರು ಅಂತ ಹೇಳಿ ಗಂಡನಿಗೆ ಬಡಿಸುತ್ತೇನೆ. ಅವರು ಇಲ್ಲಿಯವರೆಗೆ ಏನೂ ಅಂದಿಲ್ಲ.

ಅವ್ವನಿಗೆ ಈ ಖಟ್ಟಾ ಕಂಡರೆ ಆಗುತ್ತಿರಲಿಲ್ಲ. ಅವಳು ಜನವಾಡದವಳು. ಅವಳ ತವರಲ್ಲಿ ಪಚಡಿಗೆ ಗುರೆಳ್ಳಿನ ಪುಡಿ, ಎಣ್ಣೆ, ಉಪ್ಪು, ಅಷ್ಟೇ. ಅತ್ತೆ ಸೊಸೆಗೆ ಊಟದ ಹೊತ್ತಿಗೆ ದಿನಾ ಒಂದು ಸುತ್ತು ಆಗಲೇಬೇಕು.

“ನಿಮ್ಮ ಖಟ್ಟಾ ಬಿದ್ದ ಕೂಡ್ಲೆ ಸೌತಿಕಾಯಿ ಹ್ಯಾಂಗ ನೀರ ಬಿಡ್ತದ ನೋಡ್ರಿ ಅತ್ತಿ. ಅಳಲತ್ತದ ಪಾಪ.”

“ನಿನ್ನ ಗುರೆಳ್ಳ ಪುಡಿ ಹಾಕಿದ್ರ ಪಚಡಿ ಅಲ್ಲ ಅದು. ಒಲಿ ಬೂದ್ಯಾಗ ಬಿದ್ದ ಮೂಲಂಗಿ.”

“ಬೂದಿ ತಿಂದ್ರೂ ನಮ್ಮಪ್ಪನ ಮನ್ಯಾಗ ಎಲ್ಲಾರೂ ಗಟ್ಟಿ ಅದಾರ್ರಿ.”

ಇದು ನಗುವ ಮಾತು. ಆದರೆ ಇಲ್ಲಿಗೆ ಬಂದ ಕೂಡಲೇ ಆಯಿ ಸುಮ್ಮನಾಗುತ್ತಿದ್ದಳು, ಅವ್ವನೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಯಾಕೆಂದರೆ ಆಯಿಯ ಅಪ್ಪನ ಮನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಆಯಿಯ ಹೆಸರು ಗುರಮ್ಮ. ಅದು ನಮ್ಮ ಮನೆಯಲ್ಲಿ ಇಟ್ಟ ಹೆಸರು. ಅವಳು ಹುಟ್ಟಿದ್ದು ಔರಾದ ಕಡೆಯ ಒಂದು ಹಳ್ಳಿಯ ಮುಸ್ಲಿಂ ಮನೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಜನ ಬದುಕುತ್ತಿದ್ದಾರೆ, ಅವರ ಅಜ್ಜಂದಿರು ಮಾಡಿದ್ದನ್ನು ಅವರ ಬಾಗಿಲಿಗೆ ಹೋಗಿ ನಾನು ಏನಂತ ಕೇಳಲಿ?

ಆಗ ಬೀದರ, ಭಾಲ್ಕಿ, ಔರಾದ ಎಲ್ಲಾ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ವರ್ಷವಾದರೂ ನಮ್ಮ ಕಡೆ ನಿಜಾಮರ ಪರದ ಪಡೆಯವರಾದ ರಜಾಕಾರರು ಬಂದೂಕು ಹಿಡಿದು ತಿರುಗುತ್ತಿದ್ದರು. ಅಪ್ಪನ ಅಜ್ಜಿಗೆ ಒಬ್ಬನೇ ತಮ್ಮ ಇದ್ದ. ಅವನನ್ನು ಬಂಡಿಯಿಂದ ಎಳೆದು ರಸ್ತೆಯ ಮೇಲೆ ಕೊಂದರು. ಹೆಣ ತರಲು ಹೋದವರನ್ನೂ ಹೊಡೆದು ಓಡಿಸಿದರು. ಇದು ನಮ್ಮ ಮನೆಯ ಲೆಕ್ಕ. ಆಮೇಲೆ ಪೊಲೀಸ್ ಕಾರ್ಯಾಚರಣೆ ಆಯಿತು, ಭಾರತದ ಸೈನ್ಯ ಬಂತು, ನಿಜಾಮರು ಸೋತರು. ಪ್ರತಿ ವರ್ಷ ನಾವು ಶಾಲೆಯಲ್ಲಿ ಧ್ವಜ ಏರಿಸಿ ಪೇಡೆ ತಿಂದು ಬರುತ್ತಿದ್ದೆವಲ್ಲ, ಅದೇ. ಸೈನ್ಯ ಬಂದ ಮೇಲಿನ ಆ ದಿನಗಳಲ್ಲಿ ಹಳ್ಳಿಗಳಲ್ಲಿ ಏನಾಯಿತು ಎಂಬುದನ್ನು ಮಾತ್ರ ಧ್ವಜ ಏರಿಸುವವರು ಹೇಳುವುದಿಲ್ಲ. ರಜಾಕಾರರು ಓಡಿಹೋಗಿದ್ದರು. ಓಡಿಹೋಗದ ಮುಸ್ಲಿಮರು ಇದ್ದರು. ಸೇಡು ಅವರ ಮೇಲೆ ತಿರುಗಿತು.

ಆಯಿಯ ಅಪ್ಪ ಸಂತೆಯಲ್ಲಿ ಎಳ್ಳು, ಹುಣಸೆಹಣ್ಣು ಮಾರುತ್ತಿದ್ದ. ಅವಳ ಅಣ್ಣ ರಜಾಕಾರರ ಜೊತೆ ತಿರುಗಿದ್ದನೋ ಇಲ್ಲವೋ ಅಂತ ನಾನು ಒಮ್ಮೆ ಕೇಳಿದ್ದೆ. ಆಯಿ ನನ್ನ ಮುಖ ನೋಡಿ, “ತಿರುಗಿದ್ರ ಕೊಲ್ಲಬೇಕಾಗಿತ್ತೇನು?” ಅಂದಳು. ತಿರುಗಿರಲಿಲ್ಲ ಅಂತಲೂ ಹೇಳಲಿಲ್ಲ. ಅವರಿಬ್ಬರನ್ನೂ ಊರಿನ ಇನ್ನಷ್ಟು ಗಂಡಸರನ್ನೂ ಊರ ಹೊರಗಿನ ಬಾವಿಯ ಹತ್ತಿರ ಕರೆದುಕೊಂಡು ಹೋದರು. ಕರೆದವರು ಗುರುತಿನವರೇ, ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಬಂದು ಹೋದವರೇ. ತಾಯಿ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಹನ್ನೆರಡೋ ಹದಿಮೂರೋ ವಯಸ್ಸಿನ ಹುಡುಗಿ ಆಳೆತ್ತರದ ಜೋಳದ ಹೊಲದಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಳು. ಕಂಡಿದ್ದೇನೂ ಇಲ್ಲ, ಕೇಳಿದ್ದಷ್ಟೇ ಅಂತ ಹೇಳುತ್ತಿದ್ದಳು. ನೀರಿಗೆ ಬೀಳುವ ಸಪ್ಪಳ.

ಅಪ್ಪನ ಅಜ್ಜಿ ಔರಾದ ಕಡೆಯ ನೆಂಟರ ಮನೆಯಿಂದ ಬಂಡಿಯಲ್ಲಿ ವಾಪಸು ಬರುತ್ತಿದ್ದಳು. ಹೊಲದ ಬದುವಿನಲ್ಲಿ ಈ ಹುಡುಗಿ ಸಿಕ್ಕಳು. ಬಂಡಿಯಲ್ಲಿ ಕೂರಿಸಿಕೊಂಡು ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಗೆ ತಂದಳು. ಕಾಪಾಡಿದಳು ಅಂತ ಬರೆಯಲೇ, ತಂದುಕೊಂಡಳು ಅಂತ ಬರೆಯಲೇ? ಎರಡೂ ನಿಜ. ಮನೆಯಲ್ಲಿ ಕಾಲು ಸೊಟ್ಟಗಿದ್ದ ಒಬ್ಬ ಮಗ ಇದ್ದ, ಅವನಿಗೆ ಎಲ್ಲಿಯೂ ಹೆಣ್ಣು ಕೊಟ್ಟಿರಲಿಲ್ಲ. ಅವನೇ ನನ್ನ ಮುತ್ಯಾ, ಅಪ್ಪನ ಅಪ್ಪ. ಊರವರು ಕೇಳಿದರಂತೆ, “ನಿನ್ನ ತಮ್ಮಗ ಕೊಂದವರ ಪೈಕಿ ಹುಡುಗಿಗಿ ರೊಟ್ಟಿ ಹಾಕ್ತೀಯೇನು?” ಅಜ್ಜಿ, “ಹಾಕ್ತೇನಿ. ಲಿಂಗಾನೂ ಕಟ್ಟಸ್ತೇನಿ, ಸೊಸಿನೂ ಮಾಡ್ಕೋತೇನಿ. ನಿಮಗೇನ್ರೋ?” ಅಂದಳಂತೆ. ಅದು ಕರುಣೆಯೋ, ಹಟವೋ, ಸೇಡು ತೀರಿಸುವ ಇನ್ನೊಂದು ಬಗೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಬಂದ ಮೊದಲಲ್ಲಿ ಅವಳು ಏನೂ ತಿನ್ನುತ್ತಿರಲಿಲ್ಲ. ಒಂದು ದಿನ ಅಂಗಳದಲ್ಲಿ ಒಣಹಾಕಿದ್ದ ಎಳ್ಳು ನೋಡಿ, ಯಾರನ್ನೂ ಕೇಳದೆ ಒಂದು ಬೊಗಸೆ ತೆಗೆದುಕೊಂಡು ಹೋಗಿ ಕಲ್ಲಿನ ಮುಂದೆ ಕುಳಿತಳು. ಅಜ್ಜಿ ಬೆರಳಿನಿಂದ ನೆಕ್ಕಿ ನೋಡಿ, “ಛಲೋ ಅದ. ಮನ್ಯಾಗ ಮಾಡು, ತಿನ್ನೋಣು. ಇದು ಎಲ್ಲಿಂದ ಬಂತಂತ ಹೊರಗ ಹೇಳಬ್ಯಾಡ,” ಅಂದಳು. ಆ ಇಡೀ ಸಂಸಾರದಿಂದ ಉಳಿದು ಬಂದಿದ್ದು ಒಂದು ಹುಡುಗಿ, ಒಂದು ಹುಳಿ.

ಈಗ ನಮ್ಮ ಪದ್ಧತಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಲಿಂಗವಂತರು ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಮುಸ್ಲಿಮರೂ ಹೂಳುತ್ತಾರೆ. ಅವರು ಮಲಗಿಸುತ್ತಾರೆ, ನಾವು ಕೂರಿಸುತ್ತೇವೆ. ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ, ಪೂಜೆಗೆ ಕುಳಿತ ಹಾಗೆ. ಅದಕ್ಕಾಗಿ ಉಸಿರು ನಿಂತ ಕೂಡಲೇ ಮನೆಯ ಹೆಂಗಸರು ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸಿಬಿಡಬೇಕು. ತಡವಾದರೆ ಮೈ ಸೆಟೆದುಕೊಳ್ಳುತ್ತದೆ, ಕಾಲು ಮಡಚುವುದಿಲ್ಲ. ಇನ್ನೊಂದು, ಹೆಣ ಮನೆಯಲ್ಲಿರುವ ತನಕ ಒಲೆ ಹೊತ್ತಿಸುವುದಿಲ್ಲ. ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಒಂದು ಮನೆಯಿಂದ ಹೊಗೆ ಏಳಲಿಲ್ಲ ಅಂದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ನಾನು ಆಗ ಭಾಲ್ಕಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನ ಮದುವೆ ಮಾತು ನಡೆದಿತ್ತು. ಮುತ್ಯಾ ಹೋಗಿ ಬಹಳ ವರ್ಷ ಆಗಿತ್ತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕುಳಿತಿದ್ದಾಗ ಆಯಿ ಅವನೆದುರು ಬಂದು ಕುಳಿತಳು.

“ಬಸ್ಯಾ, ಒಂದು ಮಾತದ. ನಾ ಹೋದ ಮ್ಯಾಲ ನನಗ ಕುಂದರಸಬ್ಯಾಡ. ಮಲಗಸು.”

“ಉಣ್ಣೂ ಹೊತ್ತಿನ್ಯಾಗ ಏನ್ ಮಾತು ತಗೀತಿ ಅವ್ವ?”

“ಉಣ್ಣೂ ಹೊತ್ತಿನ್ಯಾಗ ಅಷ್ಟೇ ನೀ ಒಂದ ಕಡಿ ಕುಂದರತಿ. ಅದಕ ತಗದೀನಿ.”

ಅಪ್ಪ ತುತ್ತು ಕೆಳಗಿಟ್ಟ. “ಲಿಂಗ ಕಟ್ಕೊಂಡೀದಿ. ಒಂದಿನಾನೂ ಪೂಜಿ ತಪ್ಪಿಸಿಲ್ಲ. ನಿನಗ್ಯಾಕ ಬ್ಯಾರೆ ಪದ್ಧತಿ?”

ಅದು ಸುಳ್ಳಲ್ಲ. ಜ್ವರ ಬಂದಾಗಲೂ ಆಯಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸದೆ ನೀರು ಕುಡಿದವಳಲ್ಲ. ತೋರಿಕೆಗೆ ಮಾಡುತ್ತಿದ್ದಳು ಅಂತ ಯಾರಾದರೂ ಅಂದರೆ ನಾನು ಈಗಲೂ ಜಗಳಕ್ಕೆ ಬರುತ್ತೇನೆ.

“ಲಿಂಗಾನೂ ನಂದೇ ಅದ,” ಅಂದಳು ಆಯಿ. “ಅದು ಕೈಯಾಗ ಇರ್ಲಿ. ಕಾಲು ನೀಡಿಸು ಅಂದೀನಿ, ಅಷ್ಟೇ. ನಮ್ಮಪ್ಪಗ, ನಮ್ಮಣ್ಣಗ ಯಾರೂ ನೆಟ್ಟಗ ಮಲಗಿಸಿಲ್ಲಪಾ. ಬಾವ್ಯಾಗ ಒಬ್ಬರ ಮ್ಯಾಲ ಒಬ್ಬರು ಬಿದ್ದಾರ. ನಮ್ಮ ಮನ್ಯಾಗಿಂದು ಒಬ್ಬರರ ಕಾಲು ನೀಡಿ ಮಲಗಬೇಕಲ್ಲ?”

ಅಪ್ಪನ ಮುಖ ನಾನು ನೋಡಿದೆ. ಸಣ್ಣವನಿದ್ದಾಗಿನಿಂದ ಅವನು ಊರಲ್ಲಿ ಕೇಳಿದ್ದೆಲ್ಲ ಆ ಮುಖದ ಮೇಲೆ ಬಂದು ನಿಂತಿತ್ತು. ಜಗಳ ಹತ್ತಿದಾಗೆಲ್ಲ ಯಾರಾದರೂ ಒಬ್ಬರು ಅವನ ತಾಯಿಯ ಮಾತು ತೆಗೆಯುತ್ತಿದ್ದರು. ಅವನು ಉಳಿದವರಿಗಿಂತ ದಪ್ಪಗೆ ವಿಭೂತಿ ಹಚ್ಚುತ್ತಿದ್ದ, ಉಳಿದವರಿಗಿಂತ ಜೋರಾಗಿ ಶರಣು ಹೇಳುತ್ತಿದ್ದ.

“ಊರ ಬಾಯಿ ಈಗೀಗ ಮುಚ್ಚೇದವ್ವ. ಉದ್ದಕ ಗುಂಡಿ ತೋಡಿದ್ರ ಮತ್ತ ತೆರೀತದ. ಹುಡುಗಿ ಮದಿವಿ ಅದ. ಆಗಂಗಿಲ್ಲ.” ಅಷ್ಟು ಹೇಳಿ ತಾಟಿನಲ್ಲೇ ಕೈ ತೊಳೆದು ಎದ್ದುಹೋದ. ಆಯಿ ಅಲ್ಲೇ ಕುಳಿತಿದ್ದಳು. ಅವ್ವ ತಾಟು ಎತ್ತಿದಳು. ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು. ಒಂದು ಮಾತು ಆಡಬಹುದಿತ್ತಲ್ಲ ಅನ್ನಿಸಿತ್ತು.

ಅಂದಿನಿಂದ ಆಯಿ ಹೊರಸು ಬಿಟ್ಟು ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದಳು. ತಲೆದಿಂಬು ಇಲ್ಲ, ಮಗ್ಗಲು ಇಲ್ಲ. ಅಂಗಾತ, ಕಾಲೆರಡನ್ನೂ ನೇರ ಚಾಚಿ. ಯಾಕ ಆಯಿ ಹೀಂಗ ಅಂದರೆ, “ರೂಢಿ ಮಾಡ್ಕೋಲತ್ತೀನಿ,” ಅನ್ನುತ್ತಿದ್ದಳು.

ಅವಳು ಹೋದ ದಿನ ಅಪ್ಪ ನಸುಕಿನಲ್ಲೇ ಎದ್ದು ಹೊಲಕ್ಕೆ ಹೋಗಿದ್ದ. ತೊಗರಿ ಕೊಯ್ಲು ನಡೆದಿತ್ತು. ಅಕ್ಕ ಜನವಾಡದ ಸೋದರಮಾವನ ಮನೆಯಲ್ಲಿದ್ದಳು. ನಾನು ಎದ್ದಾಗ ಅವ್ವ ಆಯಿಯ ಕೋಣೆಯಿಂದ ಹೊರಗೆ ಬಂದು, ಬಾಗಿಲು ಎಳೆದು, ಚಿಲಕ ಹಾಕುತ್ತಿದ್ದಳು.

“ಆಯಿ ಎದ್ದಿಲ್ಲೇನು?”

“ಆಯಿ ಹೋದಳು,” ಅಂದಳು ಅವ್ವ. “ಮೈ ಇನ್ನಾ ಬೆಚ್ಚಗದ. ಬಾಯಿ ಮಾಡಬ್ಯಾಡ.”

ನಾನು ಬಾಯಿ ತೆರೆದಿದ್ದೆ, ಮು‌ಚ್ಚಿದೆ. ಅವ್ವ ಅಡುಗೆಮನೆಗೆ ಹೋದಳು. ಈಗ ಯಾರನ್ನೋ ಕರೆಯಲು ನನ್ನನ್ನು ಕಳಿಸುತ್ತಾಳೆ ಅಂದುಕೊಂಡೆ. ಅವಳು ಒಲೆ ಹೊತ್ತಿಸಿದಳು. ಹೆಣ ಇಟ್ಟುಕೊಂಡು ಒಲೆ ಹೊತ್ತಿಸಿದಳು! ಹಂಚು ಇಟ್ಟಳು. ಗಡಿಗೆಯಿಂದ ಎಳ್ಳು ತೆಗೆದಳು.

“ಅವ್ವ, ಏನ್ ಮಾಡಲತ್ತಿ ನೀ?”

“ನಿಮ್ಮಪ್ಪ ಮಧ್ಯಾನ್ನಕ ಉಣ್ಣಾಕ ಬರ್ತಾನ. ಅಲ್ಲೀತನಕ ಆಯಿ ಮಲಗ್ಯಾಳ. ತಿಳೀತೇನು? ಹುಣಸಿ ನೆನಿ ಹಾಕು.”

ತಿಳಿಯಿತು. ತಿಳಿದ ಕೂಡಲೇ ಹುಣಸೆ ನೆನೆಹಾಕಿದೆ. ಹೊಗೆ ಮೇಲೆ ಹೋಗಬೇಕು, ಎಳ್ಳು ಹುರಿದ ವಾಸನೆ ಓಣಿಗೆ ಹೋಗಬೇಕು. ಗುರಮ್ಮ ಎದ್ದಾಳ, ಖಟ್ಟಾ ಅರಿಯಲತ್ತಾಳ ಅಂತ ಎಲ್ಲರೂ ತಿಳಿದುಕೊಳ್ಳಬೇಕು. ಒಳಗೆ ಆ ಕಾಲುಗಳಿಗೆ ಹೊತ್ತು ಬೇಕಿತ್ತು.

ಅವ್ವ ಅದುವರೆಗೆ ಒಮ್ಮೆಯೂ ಖಟ್ಟಾ ಅರೆದವಳಲ್ಲ. ನೋಡಿ ನೋಡಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎಳ್ಳು ಕಪ್ಪಗಾಯಿತು. ಚೆಲ್ಲಿ ಮತ್ತೆ ಹುರಿದಳು. ಅರೆದಳು. ನಾನು ಹುಳಿ ಬಿಟ್ಟೆ, ಅವಳು ತಿರುವಿದಳು. ಅದು ಬಿಗಿಯಿತು. “ಇನ್ನೊಂದು ಹನಿ ಬಿಡ್ಲಾ?” ಅಂದೆ. “ಅವಸರ ಏನದ?” ಅಂದಳು. ನಡುನಡುವೆ ಎದ್ದು ಕೈ ತೊಳೆದು ಕೋಣೆಗೆ ಹೋಗಿ ಬರುತ್ತಿದ್ದಳು. ಬಂದು ಮತ್ತೆ ಕಲ್ಲಿನ ಮುಂದೆ.

ಬಿಸಿಲೇರಿದ ಮೇಲೆ ಪಕ್ಕದ ಮನೆಯ ಕಾಶಮ್ಮ ಮಜ್ಜಿಗೆಗೆ ಅಂತ ಬಂದಳು. ಹೊಸ್ತಿಲಲ್ಲೇ ನಿಂತು ಮೂಗೆಳೆದಳು.

“ಅಯ್ಯ, ಸೊಸಿ ಕುಂತಾಳ ಕಲ್ಲಿನ ಮುಂದ! ಅತ್ತಿ ಏನು ರಾಜೀನಾಮೆ ಕೊಟ್ಟಳೇನು?”

“ಮೊಣಕಾಲು ಬ್ಯಾನಿ ಅಂತ. ಮಲಗ್ಯಾಳ,” ಅಂದಳು ಅವ್ವ, ತಲೆ ಎತ್ತದೆ.

“ನಾ ಒಂದಿಷ್ಟು ತಿಕ್ಕಿ ಕೊಡ್ಲಾ? ಬೇವಿನೆಣ್ಣಿ ಅದ ಮನ್ಯಾಗ.”

“ಈಗ ಕಣ್ಣು ಹತ್ಯಾವ. ಎಬ್ಬಿಸಬ್ಯಾಡ್ರಿ.”

“ಹಂಗಾದ್ರ ಒಂದು ವಾಟಗಾ ಖಟ್ಟಾ ಕೊಡು. ನೀ ಹ್ಯಾಂಗ ಮಾಡೀದಿ ನೋಡ್ತೇನಿ, ಆಮ್ಯಾಲ ಗುರಮ್ಮಗ ಚಾಡಿ ಹೇಳ್ತೇನಿ.”

ಅವ್ವ ಒಂದು ಬಟ್ಟಲು ತುಂಬಿ ಕೊಟ್ಟಳು. ಕಾಶಮ್ಮ ನಗುತ್ತಾ ಹೋದಳು.

ಅಪ್ಪ ಹೊಲದಿಂದ ಬಂದು, ಕಾಲು ತೊಳೆದು, ತಾಟಿನ ಮುಂದೆ ಕುಳಿತ. ಅವ್ವ ರೊಟ್ಟಿ ಇಟ್ಟಳು, ಪಚಡಿ ಬಡಿಸಿ ಮೇಲೆ ಖಟ್ಟಾ ಸುರಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟು, ಅಗಿದು, “ಅವ್ವನ ಕೈಯ ರುಚಿ ಅಲ್ಲಲ್ಲ ಇದು,” ಅಂದ.

“ಅತ್ತಿ ಎದ್ದಿಲ್ಲ,” ಅಂದಳು ಅವ್ವ.

ಅವಳ ದನಿಯಲ್ಲಿ ಏನು ಕೇಳಿಸಿತೋ, ಅಪ್ಪ ಎಂಜಲು ಕೈಯಲ್ಲೇ ಎದ್ದು ಚಿಲಕ ತೆಗೆದು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅಳುತ್ತಿರಲಿಲ್ಲ.

“ಯಾವಾಗ?”

“ಮುಂಜಾನಿ. ನೀವು ಹೋದ ಮ್ಯಾಲ.”

“ಹೇಳಿ ಯಾಕ ಕಳಸಲಿಲ್ಲ?”

“ಕೆಲಸ ಇತ್ತು.”

ಅಪ್ಪ ಒಲೆ ನೋಡಿದ, ಕಲ್ಲು ನೋಡಿದ, ಅವ್ವನನ್ನು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಹೊಡೆದಿದ್ದರೆ ಮುಂದಿನದು ಹಗುರಾಗುತ್ತಿತ್ತೇನೋ.

ಊರು ಕೂಡಿತು. ಕಾಶಮ್ಮ ಬಟ್ಟಲು ತಂದು ಅಂಗಳದಲ್ಲಿ ಕುಕ್ಕಿ ಹೋದಳು, ಆಮೇಲೆ ನಮ್ಮ ಮನೆಗೆ ಎಂದೂ ಬರಲಿಲ್ಲ. ಹಿರಿಯರಾದ ಶರಣಪ್ಪ ಕಾಕಾ ಒಳಗೆ ಹೋಗಿ ನೋಡಿ ತಲೆಯಾಡಿಸಿದರು. ಬಿಸಿನೀರು ಕಾಯಿಸಿ ಸುರಿದರು, ಎಣ್ಣೆ ಹಚ್ಚಿ ತಿಕ್ಕಿದರು. ಇಬ್ಬರು ಗಂಡಸರು ಭುಜ ಹಿಡಿದರು, ಒಬ್ಬ ಪಾದ ಹಿಡಿದು ಒತ್ತಿದ. ಆಯಿಯ ಮೊಣಕಾಲು ಮೊದಲೇ ಕೆಟ್ಟಿದ್ದವು. ಒಂದು ಸಪ್ಪಳ ಬಂತು, ಒಣ ಕಟ್ಟಿಗೆ ಮುರಿದ ಹಾಗೆ. ಬಾಗಿಲಾಚೆ ನಿಂತ ನನಗೂ ಕೇಳಿಸಿತು.

“ಜೋರು ಹಾಕಿದ್ರ ಬಾಗ್ತಾವ ಬಸಣ್ಣ,” ಅಂದರು ಕಾಕಾ. “ಸತ್ತವರಿಗಿ ಬ್ಯಾನಿ ಏನದ? ಹ್ಞೂಂ ಅನ್ನು.”

ಎಲ್ಲರೂ ಅಪ್ಪನ ಬಾಯಿ ನೋಡಿದರು. ಅವ್ವ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವಳಿಂದಾಗುವುದು ಅಷ್ಟೇ ಇತ್ತು, ಉಳಿದಿದ್ದು ಈ ಒಂದು ಮಾತಿನಲ್ಲಿತ್ತು.

“ಬ್ಯಾಡ,” ಅಂದ ಅಪ್ಪ. “ಬಿಡ್ರಿ. ಮುಟ್ಟಬ್ಯಾಡ್ರಿ ನಮ್ಮವ್ವಗ.”

ಉದ್ದಕ್ಕೆ ಗುಂಡಿ ತೋಡಿದರು. ತೋಡಲು ಊರವರು ಇಬ್ಬರೇ ಬಂದರು, ಉಳಿದ ಗುದ್ದಲಿ ಅಪ್ಪನದೇ. ಅಯ್ಯನವರು ಬಂದು ಮಂತ್ರ ಹೇಳಿದರು, ಮೈ ಬಾಗದಿದ್ದಾಗ ಹೀಗೂ ಮಾಡುವುದುಂಟು ಅಂತ ದೊಡ್ಡ ದನಿಯಲ್ಲಿ ಹೇಳಿ ನಮ್ಮ ಮಾನ ಕಾಯಲು ನೋಡಿದರು, ಒಳ್ಳೆಯವರು. ಎಡಗೈಯಲ್ಲಿ ಲಿಂಗ ಇಟ್ಟರು. ಆಯಿ ಕಾಲು ನೀಡಿ ಮಲಗಿದಳು.

ಊರು ಅಯ್ಯನವರ ಮಾತು ನಂಬಲಿಲ್ಲ. ಬೀಗರು ಒಂದು ವಾರ ತಡೆದು, ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಅಂತ ಹೇಳಿ ಕಳಿಸಿದರು. ಮುಂದೆ ಅಕ್ಕನ ಮದುವೆ ಆಯಿತು, ಆದರೆ ಆಗಬಾರದವನ ಜೊತೆ. ಅವಳು ಇವತ್ತಿಗೂ ಅವ್ವನ ಜೊತೆ ಮಾತಾಡುವುದಿಲ್ಲ. ಈ ಬರಹ ಅವಳ ಕಣ್ಣಿಗೆ ಬಿದ್ದರೆ ನನ್ನ ಜೊತೆಯೂ ನಿಲ್ಲಿಸಬಹುದು. ಅಪ್ಪ ಕೊನೆಯ ತನಕ ಅವ್ವನಿಗೆ ಹೇಳಬೇಕಾದ್ದನ್ನು ನಮ್ಮ ಮೂಲಕ ಹೇಳುತ್ತಿದ್ದ. “ನಿಮ್ಮವ್ವಗ ಹೇಳು, ನೀರು ಕೊಡು ಅಂತ.” ಅವ್ವ ಎದುರಿಗೇ ಇರುತ್ತಿದ್ದಳು, ನೀರು ಕೊಡುತ್ತಿದ್ದಳು. ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ, ಮದುವೆ ಮಾಡಿಕೊಂಡು ಬೀದರಿಗೆ ಬಂದುಬಿಟ್ಟೆ. ಅಪ್ಪ ಹೋದ ಮೇಲೆ ಅವ್ವನೂ ನನ್ನ ಹತ್ತಿರ ಬಂದಳು. ಆ ಮುಂಜಾನೆಯ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

ಬಾಟಲಿ ಬಂದ ಮರುದಿನ ಅವ್ವ, “ಊರಿನ ಹೊಲಕ್ಕ ಕರಕೊಂಡು ಹೋಗ್ರಿ,” ಅಂದಳು. ಮಗಳು ಕಾರು ತೆಗೆದಳು. ಹೊಲದ ಮೂಲೆಯಲ್ಲಿ ನಮ್ಮ ಮನೆತನದವರ ಸಮಾಧಿಗಳಿವೆ, ಎಲ್ಲ ಚೌಕಾಕಾರ, ಕುಳಿತವರ ಅಳತೆಯವು. ಅಪ್ಪನದೂ ಹಾಗೇ. ಅವುಗಳ ನಡುವೆ ಒಂದು ಮಾತ್ರ ಉದ್ದ. ಮಗಳು ಅದನ್ನು ಮೊದಲ ಸಲ ಸರಿಯಾಗಿ ನೋಡಿದಳು.

“ಅಜ್ಜಿ, ಇದೊಂದು ಯಾಕ ಹೀಂಗದ?”

ಅವ್ವ ಬದುವಿನ ಮೇಲೆ ಕುಳಿತು ಎಲ್ಲ ಹೇಳಿದಳು. ನನಗೆ ಗೊತ್ತಿಲ್ಲದ್ದೂ ಹೇಳಿದಳು. ಅರೆಯುವ ನಡುವೆ ಎದ್ದು ಎದ್ದು ಹೋಗುತ್ತಿದ್ದಳಲ್ಲ, ಕಾಲು ಬಿಗಿದವೋ ಇಲ್ಲವೋ ಅಂತ ಮುಟ್ಟಿ ನೋಡುವುದಕ್ಕೆ. “ಪ್ರತಿ ಸಲ ಅತ್ತಿಗಿ ಹೇಳೀನಿ, ಇನ್ನೊಂದು ಸ್ವಲ್ಪ ತಡೀರಿ ಅಂತ.”

“ಮಾಡಿದ್ದು ಛಲೋ ಆತೇನವ್ವ?” ಅಂದೆ. ಕೇಳಬಾರದಿತ್ತು, ಬಾಯಿಗೆ ಬಂತು.

“ಆಕಿ ಮಲಗಿದಳು. ನಿಮ್ಮಕ್ಕನ ಬಾಳೇ ಹೋತು. ಎರಡೂ ಈ ಕೈಯಿಂದನೇ ಆಗ್ಯಾವ. ಛಲೋನೋ ಕೆಟ್ಟೋ ನೀವು ಓದಿದವರು ಹೇಳ್ರಿ.”

ಮಗಳು ಮೆಲ್ಲಗೆ ಹೇಳಿದಳು. ಅವಳ ಮುಸ್ಲಿಂ ಗೆಳತಿ ಒಬ್ಬಳ ಅಪ್ಪ ತೀರಿಕೊಂಡಾಗ ತಿಳಿದದ್ದು. “ಅಜ್ಜಿ, ಅವರಲ್ಲಿ ಬರೀ ಮಲಗಿಸೋದಲ್ಲ. ತಲಿ ಉತ್ತರಕ್ಕ ಇಟ್ಟು, ಬಲ ಮಗ್ಗಲ ಮಾಡಿ, ಮಾರಿ ಪಶ್ಚಿಮಕ್ಕ, ಮಕ್ಕಾದ ಕಡಿ, ತಿರುಗಸ್ತಾರ.”

“ಪಶ್ಚಿಮ ಯಾ ಕಡಿ?”

ಮಗಳು ಕೈ ತೋರಿಸಿದಳು. ಅವ್ವ ಕಣ್ಣ ಮೇಲೆ ಕೈ ಇಟ್ಟು ಆ ಕಡೆ ನೋಡಿದಳು, ಆಮೇಲೆ ಆ ಉದ್ದನೆಯ ಸಮಾಧಿ ನೋಡಿದಳು. ಅದು ಬದುವಿನ ಸಾಲಿಗೆ ಹೊಂದುವ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಇತ್ತು.

“ಅಡ್ಡ ಆಗ್ಯದಲ್ಲ,” ಅಂದಳು. “ಆಕಿ ಹೇಳಲಿಲ್ಲ ನೋಡು. ಸಣ್ಣಾಕಿ ಬಂದಿದ್ದಳು, ಆಕಿಗೂ ಗೊತ್ತಿದ್ದಿಲ್ಲೇನೋ.”

ಅಲ್ಲಿಂದ ಬಂದಾಗಿನಿಂದ ಅವ್ವ ಒಂದೇ ಕೇಳುತ್ತಿದ್ದಾಳೆ. ನಮ್ಮ ಮನೆಯಲ್ಲಿ ಒಬ್ಬಳೇ ಏನು ಹೀಗೆ ಬಂದವಳು? ಬೇರೆ ಮನೆಗಳಲ್ಲಿ ಏನು ಮಾಡಿದರು? ನನಗೆ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಬೀದರ, ಭಾಲ್ಕಿ, ಔರಾದ ಕಡೆಯವರೇ, ಆ ವರ್ಷ ಯಾರದೋ ಬಂಡಿಯಲ್ಲಿ ಬಂದು ನಿಮ್ಮ ಮನೆಯವಳೇ ಆಗಿಹೋದ ಒಬ್ಬ ಆಯಿ ನಿಮ್ಮಲ್ಲೂ ಇದ್ದಳೇ? ಕೊನೆಗೆ ಅವಳು ಏನು ಕೇಳಿದಳು? ಅವಳನ್ನು ಹೇಗೆ ಇಟ್ಟಿರಿ, ಕೂರಿಸಿಯೋ, ಮಲಗಿಸಿಯೋ, ಮುಖ ಯಾವ ಕಡೆಗೆ? ಹೆಸರು, ಊರು ಬರೆಯುವುದು ಬೇಡ. ಆಗಿದ್ದಷ್ಟು ಕೆಳಗೆ ಬರೆಯಿರಿ. ಅವ್ವನಿಗೆ ಓದಲು ಬರುವುದಿಲ್ಲ. ಒಂದೊಂದನ್ನೂ ಅವಳ ಕಿವಿಯ ಹತ್ತಿರ ಕುಳಿತು ನಾನು ಓದಿ ಹೇಳುತ್ತೇನೆ.